ಮೊದಲ ಕೊಳಗ ಯಾರಿಗೆ?

ಲಾಭ, ಎರಡು, ಮೂರು, ನಾಲ್ಕು...

ಕೋಲಾರ ಸೀಮೆಯ ಕಣಗಳಲ್ಲಿ ರಾಗಿ ಅಳೆಯುವವರು ಎಣಿಕೆಯನ್ನು ಒಂದರಿಂದ ಶುರು ಮಾಡುತ್ತಿರಲಿಲ್ಲ. ಮೊದಲ ಕೊಳಗ ರಾಶಿಯಿಂದ ಮೇಲೇಳುವಾಗ ಬಾಯಲ್ಲಿ ಬರುತ್ತಿದ್ದ ಮಾತು 'ಲಾಭ'. ಎರಡು, ಮೂರು ಅದರ ನಂತರ. ಅಳೆಯುವುದಕ್ಕೆ ಮುಂಚೆ ರಾಶಿಗೆ ಪೂಜೆ ಆಗಬೇಕು. ಸಗಣಿಯ ಉಂಡೆಗೆ ಗರಿಕೆ ಸಿಕ್ಕಿಸಿದರೆ ಅದೇ ಬೆನಕ. ಮುಳಬಾಗಿಲಿನ ಪಕ್ಕದ ಕುರುಡುಮಲೆಯಲ್ಲಿ ಆಳೆತ್ತರ ಮೀರಿದ ಏಕಶಿಲೆಯ ಗಣಪ ಕೂತಿದ್ದಾನೆ. ಕಣದ ಗಣಪನಿಗೆ ಒಂದು ಹಿಡಿ ಸಗಣಿ ಸಾಕು.

ಅಲ್ಲಿಗೆ ಬರುವ ಹೊತ್ತಿಗೆ ಎರಡು ತಿಂಗಳ ಕೆಲಸ ಮುಗಿದಿರುತ್ತಿತ್ತು. ಕಾರ್ತಿಕ, ಮಾರ್ಗಶಿರದಲ್ಲಿ ಕೊಯ್ದ ರಾಗಿ ತೆನೆಸಹಿತ ಮೆದೆಯಾಗಿ ಕೂರುತ್ತಿತ್ತು. ಮೆದೆಯೊಳಗಿನ ಬಿಸಿಗೆ ತೆನೆ ಹದವಾಗಿ ಕಾಳು ಸಡಿಲವಾಗುತ್ತಿತ್ತು. ಅಷ್ಟರಲ್ಲಿ ನೆಲ ಕೆರೆದು, ನೀರು ಚಿಮುಕಿಸಿ, ತುಳಿದು, ಸಗಣಿಯ ಬಗ್ಗಡ ಬಳಿದು ಕಣ ಮಾಡುತ್ತಿದ್ದರು. ನಡುವೆ ಮೇಟಿ ಕಂಬ. ಅದರ ಸುತ್ತ ಎತ್ತುಗಳು ಕಲ್ಲಿನ ಗುಂಡನ್ನು ಎಳೆಯುತ್ತಿದ್ದವು. ಸಂಜೆ ಗಾಳಿ ಬಿದ್ದಾಗ ಮೊರ ಎತ್ತಿ ತೂರಿದರೆ ಹೊಟ್ಟು ಆಚೆಗೆ ಹಾರಿ, ಕಾಳು ಕಾಲ ಬುಡಕ್ಕೆ ಬೀಳುತ್ತಿತ್ತು.

ರಾಶಿ ಪೂಜೆ ಮುಗಿದ ಮೇಲೂ ಕಾಳು ನೇರವಾಗಿ ಮನೆಗೆ ಹೋಗುತ್ತಿರಲಿಲ್ಲ. ದೇವರ ಪಾಲು ಮೊದಲು. ನಂತರ 'ಆಯ'. ನೇಗಿಲಿನ ಕುಳ ತಟ್ಟಿಕೊಟ್ಟ ಕಮ್ಮಾರ, ನೊಗ ಕೆತ್ತಿದ ಬಡಗಿ, ಮಡಕೆ ಕೊಟ್ಟ ಕುಂಬಾರ, ಬಟ್ಟೆ ಒಗೆದ ಮಡಿವಾಳ, ಕ್ಷೌರ ಮಾಡಿದ ನಾಯಿಂದ, ಊರು ಕಾಯ್ದ ತಳವಾರ, ಓಡಾಟದ ಕೆಲಸ ಮಾಡಿದ ತೋಟಿ, ಕೆರೆಯ ತೂಬು ನೋಡಿಕೊಂಡ ನೀರಗಂಟಿ, ಹೀಗೆ ವರ್ಷವಿಡೀ ಕಾಸು ಕೇಳದೆ ದುಡಿದವರೆಲ್ಲ ಆ ದಿನ ಕಣದ ಅಂಚಿಗೆ ಬರುತ್ತಿದ್ದರು. ಇವರು ಆಯಗಾರರು. ಮನೆಯವರ ಕಣಜ ತುಂಬುತ್ತಿದ್ದದ್ದು ಅವರವರ ಪಾಲು ಅವರಿಗೆ ಸಂದ ಮೇಲೆ.

ನೆಲ ಕೊಟ್ಟದ್ದಕ್ಕೆ, ಮಳೆ ಕೊಟ್ಟದ್ದಕ್ಕೆ, ಕೈಜೋಡಿಸಿದವರ ದುಡಿಮೆಗೆ ಋಣ ತೀರಿಸುವ ದಿನ ಜಗತ್ತಿನ ಬಹುತೇಕ ಬೇಸಾಯದ ಸಮಾಜಗಳಲ್ಲಿ ಇದೆ. ಅವುಗಳ ಪೈಕಿ ಹೆಚ್ಚು ಪ್ರಚಾರ ಪಡೆದದ್ದು ಅಮೆರಿಕದ ಥ್ಯಾಂಕ್ಸ್‌ಗಿವಿಂಗ್. ಅದರ ಕಥೆಯನ್ನೂ ಕೋಲಾರದ ಕಣದ ಕಥೆಯನ್ನೂ ಒಟ್ಟಿಗಿಟ್ಟು ಓದಿದರೆ ಎರಡರ ಬುಡದಲ್ಲೂ ಹಸಿವು ಕಾಣುತ್ತದೆ. ಎರಡು ಕಡೆಯೂ ಉಣ್ಣಲು ಕೊಟ್ಟವರ ಹೆಸರು ಮಾಸಿಹೋಗಿರುವುದೂ ಕಾಣುತ್ತದೆ.

ಪ್ಲಿಮತ್‌ನ ಮೂರು ದಿನ

1620ರ ಕೊನೆಯಲ್ಲಿ ಮೇಫ್ಲವರ್ ಹಡಗು ಇಂಗ್ಲೆಂಡಿನಿಂದ 102 ಪ್ರಯಾಣಿಕರನ್ನು ಹೊತ್ತು ಇಂದಿನ ಮ್ಯಾಸಚೂಸೆಟ್ಸ್ ತೀರ ಮುಟ್ಟಿತು. ಮೊದಲ ಚಳಿಗಾಲದಲ್ಲೇ ಅವರಲ್ಲಿ ಸುಮಾರು ಅರ್ಧದಷ್ಟು ಜನ ಸತ್ತರು. ಅವರು ಇಳಿದ ನೆಲದಲ್ಲೂ ಸಾವಿನ ನೆರಳಿತ್ತು. 1616ರಿಂದ 1619ರವರೆಗೆ ಯುರೋಪಿನವರ ಸಂಪರ್ಕದಿಂದ ಹರಡಿದ ಸಾಂಕ್ರಾಮಿಕ ರೋಗಕ್ಕೆ ಅಲ್ಲಿನ ಮೂಲನಿವಾಸಿ ವಾಂಪನೋಗ್ ಜನರ ಊರಿಗೆ ಊರೇ ಬರಿದಾಗಿದ್ದವು. ಹಾಗೆ ಖಾಲಿಯಾದ ಪಟುಕ್ಸೆಟ್ ಎಂಬ ಹಳ್ಳಿಯ ಜಾಗದಲ್ಲೇ ವಲಸಿಗರು ತಮ್ಮ ಪ್ಲಿಮತ್ ಊರನ್ನು ಕಟ್ಟಿದರು. ಆ ಹಳ್ಳಿಯ ಟಿಸ್ಕ್ವಾಂಟಮ್ ಗುಲಾಮನಾಗಿ ಸಾಗಿಸಲ್ಪಟ್ಟು, ಇಂಗ್ಲಿಷ್ ಕಲಿತು, ತಿರುಗಿ ಬರುವಷ್ಟರಲ್ಲಿ ತನ್ನವರನ್ನೆಲ್ಲ ಕಳೆದುಕೊಂಡಿದ್ದ. ಮೆಕ್ಕೆಜೋಳ ಬಿತ್ತುವುದನ್ನು, ಬುಡಕ್ಕೆ ಮೀನು ಹೂತು ಗೊಬ್ಬರ ಮಾಡುವುದನ್ನು ವಲಸಿಗರಿಗೆ ಕಲಿಸಿದವನು ಅವನೇ.

1621ರ ಶರತ್ಕಾಲದಲ್ಲಿ ಬೆಳೆ ಕೈಗೆ ಬಂತು, ಔತಣ ನಡೆಯಿತು. ಎಡ್ವರ್ಡ್ ವಿನ್ಸ್‌ಲೋ ಎಂಬ ವಲಸಿಗ ಬರೆದ ಪತ್ರವೊಂದು ಆ ಔತಣಕ್ಕೆ ಸಾಕ್ಷಿ. ವಾಂಪನೋಗ್ ನಾಯಕ ಮಾಸಸೋಯಿಟ್ ಸುಮಾರು 90 ಮಂದಿಯೊಡನೆ ಬಂದ, ಅವನ ಕಡೆಯವರು ಐದು ಜಿಂಕೆ ಬೇಟೆಯಾಡಿ ತಂದರು, ಮೂರು ದಿನ ಊಟ ನಡೆಯಿತು. ವಲಸಿಗರು ಹಕ್ಕಿಗಳನ್ನು ಹೊಡೆದು ತಂದಿದ್ದರು. ಇಂದು ಆ ಹಬ್ಬದ ಗುರುತಾಗಿರುವ ಟರ್ಕಿ ಕೋಳಿಯ ಹೆಸರು ಆ ಪತ್ರದಲ್ಲಿ ಇಲ್ಲ. ಥ್ಯಾಂಕ್ಸ್‌ಗಿವಿಂಗ್ ಎಂಬ ಪದವೂ ಇಲ್ಲ.

ಒಂದು ಹಳ್ಳಿಯ ಸುಗ್ಗಿಯೂಟ ದೇಶದ ಹಬ್ಬವಾಗಲು ಎರಡೂವರೆ ಶತಮಾನ ಬೇಕಾಯಿತು. ಸಾರಾ ಜೋಸೆಫಾ ಹೇಲ್ ಎಂಬ ಪತ್ರಿಕಾ ಸಂಪಾದಕಿ ಹಲವಾರು ವರ್ಷ ಅಧ್ಯಕ್ಷರಿಗೆ, ಗವರ್ನರುಗಳಿಗೆ ಪತ್ರ ಬರೆದರು. ಅಂತರ್ಯುದ್ಧದಲ್ಲಿ ಲಕ್ಷಾಂತರ ಮಂದಿ ಸಾಯುತ್ತಿದ್ದ ಹೊತ್ತಿನಲ್ಲಿ, 1863ರ ಅಕ್ಟೋಬರ್ 3ರಂದು ಅಬ್ರಹಾಂ ಲಿಂಕನ್ ನವೆಂಬರಿನ ಕೊನೆಯ ಗುರುವಾರವನ್ನು ಕೃತಜ್ಞತೆಯ ದಿನವೆಂದು ಸಾರಿದರು. ನಾಲ್ಕನೆಯ ಗುರುವಾರ ಎಂದು ಕಾನೂನು ಗೊತ್ತುಮಾಡಿದ್ದು 1941ರಲ್ಲಿ.

ಉಣಿಸಿದವರ ಪಾಡು ಏನಾಯಿತು? ಮಾಸಸೋಯಿಟ್‌ನ ಮಗ ಮೆಟಾಕಾಮ್ 1675ರಲ್ಲಿ ನೆಲ ಉಳಿಸಿಕೊಳ್ಳಲು ಅದೇ ವಲಸಿಗರ ಮಕ್ಕಳ ವಿರುದ್ಧ ಯುದ್ಧಕ್ಕೆ ಇಳಿದ; ಮರುವರ್ಷ ಕೊಲ್ಲಲ್ಪಟ್ಟ. 1970ರಿಂದ ಪ್ರತಿ ಥ್ಯಾಂಕ್ಸ್‌ಗಿವಿಂಗ್ ದಿನ ಮೂಲನಿವಾಸಿಗಳು ಪ್ಲಿಮತ್‌ನಲ್ಲಿ ಸೇರಿ 'ರಾಷ್ಟ್ರೀಯ ಶೋಕ ದಿನ' ಆಚರಿಸುತ್ತಿದ್ದಾರೆ.

ಮೂವರು ಅಕ್ಕತಂಗಿಯರು, ಒಂದು ಅಕ್ಕಡಿ

ವಾಂಪನೋಗರ ಹೊಲದಲ್ಲಿ ಮೆಕ್ಕೆಜೋಳ, ಹುರುಳಿಕಾಯಿ, ಕುಂಬಳ ಜೊತೆಯಲ್ಲೇ ಬೆಳೆಯುತ್ತಿದ್ದವು. ಜೋಳದ ದಂಟಿಗೆ ಹುರುಳಿಕಾಯಿ ಬಳ್ಳಿ ಹಬ್ಬುತ್ತಿತ್ತು, ಕುಂಬಳದ ಎಲೆ ನೆಲ ಮುಚ್ಚಿ ತೇವ ಹಿಡಿಯುತ್ತಿತ್ತು. ಉತ್ತರ ಅಮೆರಿಕದ ಮೂಲನಿವಾಸಿಗಳಲ್ಲಿ ಇದಕ್ಕೆ 'ಮೂವರು ಅಕ್ಕತಂಗಿಯರು' ಎಂಬ ಹೆಸರುಂಟು.

ಕೋಲಾರ, ಮಾಲೂರು, ಶ್ರೀನಿವಾಸಪುರದ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅವರ ರಾಗಿ ಹೊಲದಲ್ಲಿ ಅಕ್ಕಡಿ ಸಾಲು ಇದೆ. ಇಷ್ಟು ಸಾಲು ರಾಗಿಗೆ ಒಂದು ಸಾಲು ಅವರೆ, ತೊಗರಿ, ಜೋಳ, ಅಂಚಿಗೆ ಹುಚ್ಚೆಳ್ಳು. ಹುಚ್ಚೆಳ್ಳಿನ ಹಳದಿ ಹೂ ಜೇನುಹುಳುಗಳನ್ನು ಕರೆಯುತ್ತದೆ. ಅವರೆ, ತೊಗರಿಯ ಬೇರುಗಂಟುಗಳಲ್ಲಿ ಬದುಕುವ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಹಿಡಿದು ಗಿಡಕ್ಕೆ ಕೊಡುತ್ತದೆ. ಅದರ ಫಲ ಮಣ್ಣಿಗೂ ಸಲ್ಲುತ್ತದೆ. ಮಳೆ ಕೈಕೊಟ್ಟು ಒಂದು ಹೋದರೆ ಇನ್ನೊಂದು ಉಳಿಯುತ್ತದೆ. ಟಿಸ್ಕ್ವಾಂಟಮ್ ಮೀನು ಹೂತಂತೆ ಇಲ್ಲಿನವರು ಬೇಸಿಗೆಯಲ್ಲಿ ಬತ್ತಿದ ಕೆರೆಯಿಂದ ಗೋಡು ಹೊಡೆದು ಹೊಲಕ್ಕೆ ಹಾಕುತ್ತಿದ್ದರು. ಹೊಲಕ್ಕೆ ಗೊಬ್ಬರ, ಕೆರೆಗೆ ಹೂಳೆತ್ತುವ ಕೆಲಸ, ಎರಡೂ ಒಂದೇ ಗಾಡಿಯಲ್ಲಿ ಆಗುತ್ತಿತ್ತು.

ತಟ್ಟೆಯಲ್ಲೂ ಇದೇ ಜಾಣ್ಮೆ. ಮೆಕ್ಕೆಜೋಳದ ಪ್ರೋಟೀನಿನಲ್ಲಿ ಲೈಸಿನ್ ಎಂಬ ಅಂಶ ಕಡಿಮೆ. ದ್ವಿದಳ ಧಾನ್ಯದಲ್ಲಿ ಅದು ಧಾರಾಳ. ರಾಗಿಯಲ್ಲೂ ಲೈಸಿನ್ ಕೊರತೆ, ಮೆಥಿಯೋನಿನ್ ಚೆನ್ನಾಗಿದೆ. ಅವರೆಯಲ್ಲಿ ಇದು ತಿರುಗುಮುರುಗು. ಕನ್ನಡ ಮನೆಯಲ್ಲಿ ಹಿಟ್ಟು, ತೆಲುಗು ಮನೆಯಲ್ಲಿ ಸಂಗಟಿ ಎನಿಸಿಕೊಳ್ಳುವ ಮುದ್ದೆಯನ್ನು ಅವರೆಕಾಯಿ ಸಾರಿನಲ್ಲಿ ಅದ್ದಿ ನುಂಗಿದಾಗ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ನೂರು ಗ್ರಾಂ ರಾಗಿಯಲ್ಲಿ ಮುನ್ನೂರು ಮಿಲಿಗ್ರಾಂಗೂ ಹೆಚ್ಚು ಸುಣ್ಣದ ಅಂಶ ಇದೆ. ಅಕ್ಕಿ, ಗೋಧಿ ಇದರ ಹತ್ತಿರಕ್ಕೂ ಬಾರವು.

ಈ ರಾಗಿ ಹುಟ್ಟಿದ್ದು ಪೂರ್ವ ಆಫ್ರಿಕಾದ ಎತ್ತರದ ನಾಡಿನಲ್ಲಿ, ಇಥಿಯೋಪಿಯಾ–ಉಗಾಂಡಾ ಕಡೆಯಲ್ಲಿ. ಸಾವಿರಾರು ವರ್ಷಗಳ ಹಿಂದೆ ಇಲ್ಲಿಗೆ ಬಂದು ಇಲ್ಲಿಯದೇ ಆಯಿತು. 20ನೆಯ ಶತಮಾನದಲ್ಲಿ ಆ ಹಳೆಯ ನಂಟು ಮತ್ತೆ ಕೂಡಿತು. ಮಂಡ್ಯದ ವಿಶ್ವೇಶ್ವರಯ್ಯ ಕಾಲುವೆ ಫಾರ್ಮಿನಲ್ಲಿ ದುಡಿದ ತಳಿ ವಿಜ್ಞಾನಿ ಸಿ.ಎಚ್. ಲಕ್ಷ್ಮಣಯ್ಯ ಭಾರತದ ರಾಗಿಯನ್ನೂ ಆಫ್ರಿಕಾದ ರಾಗಿಯನ್ನೂ ಸಂಕರಿಸಿ ಹೊಸ ತಳಿಗಳನ್ನು ಕೊಟ್ಟರು. ಅವುಗಳ ಹೆಸರಿನಲ್ಲೇ ಎರಡೂ ನಾಡುಗಳಿವೆ: ಇಂಡಿಯಾದ 'ಇಂಡ್', ಆಫ್ರಿಕಾದ 'ಆಫ್' ಸೇರಿ 'ಇಂಡಾಫ್'. ಬಯಲುಸೀಮೆಯ ಜನ ಅವರನ್ನು ಇಂದಿಗೂ ರಾಗಿ ಲಕ್ಷ್ಮಣಯ್ಯ ಎನ್ನುತ್ತಾರೆ.

ಹಗೇವು ಬರಿದಾದ ವರ್ಷ

ಕನಕದಾಸರ 'ರಾಮಧಾನ್ಯ ಚರಿತೆ'ಯಲ್ಲಿ ಭತ್ತಕ್ಕೂ ರಾಗಿಗೂ ಜಗಳ ಹತ್ತುತ್ತದೆ. ಯಾರು ಹೆಚ್ಚು ಎಂದು ತೀರ್ಮಾನಿಸಲು ಎರಡನ್ನೂ ಆರು ತಿಂಗಳು ಸೆರೆಯಲ್ಲಿಡುತ್ತಾರೆ. ಭತ್ತ ಸೊರಗುತ್ತದೆ, ರಾಗಿ ಹಾಗೇ ಉಳಿಯುತ್ತದೆ. ರಾಮ ರಾಗಿಯನ್ನು ಮೆಚ್ಚಿ ತನ್ನ ಹೆಸರನ್ನೇ ಅದಕ್ಕೆ ಕೊಡುತ್ತಾನೆ. ಮೇಲು–ಕೀಳಿನ ಮಾತನ್ನು ಕವಿ ಧಾನ್ಯದ ಬಾಯಲ್ಲಿ ಆಡಿಸಿದರೂ ಕಥೆ ನಿಂತಿರುವುದು ರೈತರಿಗೆಲ್ಲ ಗೊತ್ತಿದ್ದ ನಿಜದ ಮೇಲೆ: ರಾಗಿ ಕೆಡುವುದಿಲ್ಲ.

ಅದಕ್ಕೇ ಹಗೇವು. ಗಟ್ಟಿ ನೆಲದಲ್ಲಿ ಹೂಜಿಯಂತೆ ಬಾಯಿ ಕಿರಿದು, ಹೊಟ್ಟೆ ಅಗಲವಾಗಿ ತೋಡಿದ ಕಣಜ. ಒಳಗೆ ಹುಲ್ಲು ಹೊದಿಸಿ, ರಾಗಿ ತುಂಬಿ, ಬಾಯಿಗೆ ಚಪ್ಪಡಿ ಇಟ್ಟು ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಹೊರಗಿನ ಗಾಳಿ ಸೋಕುತ್ತಿರಲಿಲ್ಲ. ಒಳಗಿನ ಕಾಳು ಉಸಿರಾಡುತ್ತ ಆಮ್ಲಜನಕವನ್ನು ಮುಗಿಸುತ್ತದೆ, ಇಂಗಾಲದ ಡೈಆಕ್ಸೈಡ್ ತುಂಬುತ್ತದೆ, ಹುಳು ಬದುಕುವುದಿಲ್ಲ. ಕಾಳಿನ ಸಣ್ಣ ಗಾತ್ರ, ಗಟ್ಟಿ ಸಿಪ್ಪೆಯೂ ಹುಳುವಿಗೆ ಅಡ್ಡಿ. ಮನುಷ್ಯನಿಗೂ ಆ ಗಾಳಿ ಅಪಾಯವೇ. ಅದರಿಂದ ಹಗೇವು ತೆಗೆದೊಡನೆ ಯಾರೂ ಒಳಗಿಳಿಯುತ್ತಿರಲಿಲ್ಲ. ದೀಪ ಇಳಿಸಿ, ಆರದೆ ಉರಿದರೆ ಮಾತ್ರ ಮನುಷ್ಯ ಇಳಿಯಬೇಕು.

ನದಿಯ ಆಸರೆ ಇಲ್ಲದ ಸೀಮೆಗೆ ಹಗೇವೇ ವಿಮೆ. ಆ ವಿಮೆಯೂ ಸಾಲದೆ ಹೋದದ್ದು 1876–78ರಲ್ಲಿ.

ಪೆಸಿಫಿಕ್ ಸಾಗರ ಅಸಾಧಾರಣವಾಗಿ ಕಾದು ಎಲ್‌ನಿನೊ ತಲೆ ಎತ್ತಿದ ವರ್ಷಗಳವು. ಭಾರತದ ಜೊತೆಗೆ ಚೀನಾ, ಬ್ರೆಜಿಲ್‌ಗಳಲ್ಲೂ ಮಳೆ ಸೋತಿತು. ಧಾತು ಸಂವತ್ಸರದಲ್ಲಿ ಮುಂಗಾರೂ ಹಿಂಗಾರೂ ಕೈಕೊಟ್ಟವು. ಈಶ್ವರ ಸಂವತ್ಸರದ ಮುಂಗಾರೂ ಬರಲಿಲ್ಲ. ಕೋಲಾರ ಸೀಮೆಯ ತೆಲುಗು ಮಾತಿನಲ್ಲಿ ಇದು 'ಧಾತ ಕರುವು'. ಕೂಡಿಟ್ಟ ರಾಗಿ ಮೊದಲ ವರ್ಷ ಜೀವ ಹಿಡಿಯಿತು. ಎರಡನೆಯ ವರ್ಷಕ್ಕೆ ಹಗೇವುಗಳಲ್ಲಿ ಕಾಳಿರಲಿಲ್ಲ. ಮೇವಿಲ್ಲದೆ ದನ ಸತ್ತವು. 1864ರಲ್ಲೇ ಮಾಲೂರು, ಬೌರಿಂಗ್‌ಪೇಟೆ (ಇಂದಿನ ಬಂಗಾರಪೇಟೆ)ಗಳ ಮೂಲಕ ಬೆಂಗಳೂರಿಗೆ ರೈಲು ಬಂದಿತ್ತು, ಮದ್ರಾಸಿನ ಕಡೆಯಿಂದ ಧಾನ್ಯವೂ ಬರುತ್ತಿತ್ತು. ಕೊಳ್ಳಲು ಜನರ ಕೈಯಲ್ಲಿ ದುಡ್ಡಿರಲಿಲ್ಲ. ಗಂಜಿ ಕೇಂದ್ರಗಳ ದಾರಿಯಲ್ಲೇ ಎಷ್ಟೋ ಜೀವ ಹೋದವು.

1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ 50,55,412. ಹತ್ತು ವರ್ಷದ ಮೇಲೆ, 1881ರಲ್ಲಿ, 41,86,188. ಬೆಳೆಯಬೇಕಿದ್ದ ನಾಡು ಎಂಟೂವರೆ ಲಕ್ಷಕ್ಕೂ ಹೆಚ್ಚು ಕುಗ್ಗಿತ್ತು. ಹೆಚ್ಚು ನೊಂದ ಜಿಲ್ಲೆಗಳಲ್ಲಿ ಕೋಲಾರವೂ ಒಂದು.

ಈ ಬರವೇ ಅಮೆರಿಕದ ಕೃತಜ್ಞತೆಯ ಹಬ್ಬದವರನ್ನು ಕೋಲಾರಕ್ಕೆ ತಂದಿತು ಎನ್ನಬಹುದು. ಬರದಲ್ಲಿ ಅನಾಥರಾದ ಮಕ್ಕಳಿಗಾಗಿ ಮಿಸ್ ಆನ್‌ಸ್ಟೇ ಎಂಬ ಇಂಗ್ಲೆಂಡಿನ ಮಿಷನರಿ ಮಹಿಳೆ ಕೋಲಾರದಲ್ಲಿ ಅನಾಥಾಲಯ ತೆರೆದರು. 1890ರಲ್ಲಿ ಅದು ಅಮೆರಿಕದ ಮೆಥಡಿಸ್ಟ್ ಎಪಿಸ್ಕೋಪಲ್ ಮಿಷನ್ನಿನ ಕೈಗೆ ಬಂತು. ಅದೇ ಮಿಷನ್ 1910ರಲ್ಲಿ ಎಲೆನ್ ಥಾಬರ್ನ್ ಕೋವೆನ್ ಸ್ಮಾರಕ ಆಸ್ಪತ್ರೆ ಕಟ್ಟಿತು. ಕೋಲಾರದವರ ಬಾಯಲ್ಲಿ ಅದು ಇಂದಿಗೂ ಇಟಿಸಿಎಂ ಆಸ್ಪತ್ರೆ.

ಆದರೆ ನವೆಂಬರಿನ ಗುರುವಾರವಾಗಲಿ ಟರ್ಕಿ ಕೋಳಿಯಾಗಲಿ ಇಲ್ಲಿ ಬೇರೂರಲಿಲ್ಲ. ಬೇರೂರಿದ್ದು ಸುಗ್ಗಿಯ ಆರಾಧನೆ. 1843ರಲ್ಲಿ ಇಂಗ್ಲೆಂಡಿನ ಮಾರ್ವೆನ್‌ಸ್ಟೋ ಎಂಬ ಹಳ್ಳಿಯ ಪಾದ್ರಿ ರಾಬರ್ಟ್ ಹಾಕರ್ ಬೆಳೆ ಬಂದ ಸಂತಸಕ್ಕೆ ಚರ್ಚಿನಲ್ಲಿ ನಡೆಸಿದ ಪ್ರಾರ್ಥನೆಯಿಂದ ಹರಡಿದ ಪದ್ಧತಿ ಅದು. ದಕ್ಷಿಣ ಭಾರತದ ಪ್ರಾಟೆಸ್ಟೆಂಟ್ ಸಭೆಗಳು ಅದನ್ನು ತಮ್ಮ ನೆಲದ ಬೆಳೆಗೆ ಹೊಂದಿಸಿಕೊಂಡವು. ಆ ದಿನ ಭಕ್ತರು ರಾಗಿ, ಭತ್ತ, ಕುಂಬಳಕಾಯಿ, ತೆಂಗಿನಕಾಯಿ, ಕೋಳಿ, ಕಬ್ಬು ತಂದು ವೇದಿಕೆಯ ಮುಂದೆ ಇಡುತ್ತಾರೆ. ಆರಾಧನೆ ಮುಗಿದ ಮೇಲೆ ಅಂಗಳದಲ್ಲಿ ಹರಾಜು. ಒಂದು ತೆಂಗಿನಕಾಯಿಗೆ ಅದರ ಬೆಲೆಯ ಹತ್ತರಷ್ಟು ಕೂಗಿ, ಕೊಂಡು, ಮತ್ತೆ ಸಭೆಗೇ ಕೊಡುವವರೂ ಇರುತ್ತಾರೆ. ಕಣದ 'ಲಾಭ' ಇಲ್ಲಿ ಬೇರೊಂದು ವೇಷದಲ್ಲಿ ಉಳಿದಿದೆ.

ಬರ ಮುಗಿದು ಒಂಬತ್ತು ವರ್ಷಕ್ಕೆ, 1887ರಲ್ಲಿ, ಮುಳಬಾಗಿಲಿನಲ್ಲಿ ಡಿ.ವಿ. ಗುಂಡಪ್ಪ ಹುಟ್ಟಿದರು. 1891ರಲ್ಲಿ ಮಾಲೂರು ತಾಲ್ಲೂಕಿನಲ್ಲಿ ಮಾಸ್ತಿ ವೆಂಕಟೇಶ ಅಯ್ಯಂಗಾರ್. ಒಂದು ಹೊತ್ತಿನ ಹಿಟ್ಟಿನ ಬೆಲೆ ಏನೆಂದು ಊರಿಗೆ ಊರೇ ಅರಿತಿದ್ದ ಕಾಲದ ಮಕ್ಕಳು ಅವರು.

ಮಾಗಿಯ ಸೊಗಡು

ಸೀಮೆಯ ಸುಗ್ಗಿಯ ಹಬ್ಬ ಸಂಕ್ರಾಂತಿ. ಅದಕ್ಕೂ ವಾರಗಳ ಮುಂಚೆಯೇ ಅವರೆಕಾಯಿ ಹಬ್ಬವನ್ನು ಸಾರಿಬಿಟ್ಟಿರುತ್ತದೆ.

ಜೂನ್–ಜುಲೈನಲ್ಲಿ ರಾಗಿಯ ಜೊತೆ ಅಕ್ಕಡಿಯಲ್ಲಿ ಬಿತ್ತಿದ ನಾಡಅವರೆ ಎಷ್ಟು ಮಳೆಯಾದರೂ ಬೇಗ ಹೂ ಬಿಡುವುದಿಲ್ಲ. ಅದು ಹಗಲಿನ ಉದ್ದವನ್ನು ಅಳೆಯುವ ಗಿಡ. ದಕ್ಷಿಣಾಯನ ಮುಂದುವರಿದು ಹಗಲು ಕುಗ್ಗಿದಾಗಲೇ ಅದಕ್ಕೆ ಹೂ ಬಿಡುವ ಸೂಚನೆ. ಅಷ್ಟರಲ್ಲಿ ರಾಗಿ ಕಟಾವಾಗಿ ಹೊಲ ತೆರವಾಗಿರುತ್ತದೆ, ಬಳ್ಳಿ ಬಿಡುಬೀಸಾಗಿ ಹಬ್ಬುತ್ತದೆ. ಡಿಸೆಂಬರ್–ಜನವರಿಯ ಮಂಜಿನಲ್ಲಿ ಕಾಯಿ ಬಲಿಯುತ್ತದೆ. ಕಾಯಿಯ ಸಿಪ್ಪೆ ಒಸರುವ ಎಣ್ಣೆಯಂಥ ಅಂಟೇ ಸೊಗಡು. ಸೊಗಡಿನ ಅವರೆ ಸುಲಿದ ಕೈಯನ್ನು ಎಷ್ಟು ತೊಳೆದರೂ ವಾಸನೆ ಬಿಡದು. ಹಗಲಿನ ಉದ್ದಕ್ಕೆ ಕಾಯದೆ ವರ್ಷವಿಡೀ ಕಾಯಿ ಕೊಡುವ 'ಹೆಬ್ಬಾಳ ಅವರೆ' ತಳಿಗಳನ್ನು ಬೆಂಗಳೂರು ಕೃಷಿ ವಿಶ್ವವಿದ್ಯಾಲಯ ಕೊಟ್ಟಿದೆ. ಅವುಗಳಿಂದ ರೈತರಿಗೆ ಅನುಕೂಲವಾಗಿದೆ. ಆದರೂ ಮಾಗಿಯಲ್ಲಿ ಸಂತೆಗೆ ಬಂದವರು ಕಾಯನ್ನು ಮೂಸಿ ನೋಡಿಯೇ ಕೊಳ್ಳುತ್ತಾರೆ.

ಆ ಎರಡು ತಿಂಗಳು ಅಡುಗೆಮನೆಯೆಲ್ಲ ಅವರೆಯದೇ. ಕಾಳಿನ ಸಾರು, ಅವರೆಕಾಳು ಉಪ್ಪಿಟ್ಟು, ಅಕ್ಕಿ ರೊಟ್ಟಿಗೆ ಹಾಕಿದ ಕಾಳು. ಎಲ್ಲಕ್ಕಿಂತ ಮೇಲು ಹಿತಕಿದ ಬೇಳೆ. ರಾತ್ರಿ ನೆನೆಸಿದ ಕಾಳನ್ನು ಬೆಳಿಗ್ಗೆ ಮನೆಯವರೆಲ್ಲ ಸುತ್ತ ಕೂತು ಒಂದೊಂದಾಗಿ ಹಿತಕಬೇಕು. ಬೆರಳ ಒತ್ತಿಗೆ ಬೇಳೆ ಚಿಮ್ಮಿ ಪಾತ್ರೆಗೆ ಬೀಳುತ್ತದೆ, ಸಿಪ್ಪೆ ಕೈಯಲ್ಲಿ ಉಳಿಯುತ್ತದೆ. ಒಬ್ಬರಿಂದ ಮುಗಿಯುವ ಕೆಲಸ ಅಲ್ಲ ಅದು. ಅಜ್ಜಿ, ಸೊಸೆ, ಶಾಲೆಗೆ ಹೊರಟ ಮಕ್ಕಳು, ಹರಟೆಗೆ ಬಂದ ಪಕ್ಕದ ಮನೆಯವರು, ಎಲ್ಲರ ಬೆರಳೂ ಬೇಕು.

ಸಂಕ್ರಾಂತಿಯ ಬೆಳಿಗ್ಗೆ ಹೊಸ ಅಕ್ಕಿ, ಹೆಸರುಬೇಳೆ, ಬೆಲ್ಲದ ಪೊಂಗಲ್. ಬೇಯಿಸಿದ ಅವರೆಕಾಯಿ, ಗೆಣಸು, ಕಡಲೆಕಾಯಿ. ಎಳ್ಳು–ಬೆಲ್ಲ, ಕಬ್ಬು. ಪುಟ್ಟ ಮಕ್ಕಳ ತಲೆಗೆ ಎಲಚಿಹಣ್ಣು ಎರೆಯುವ ಶಾಸ್ತ್ರ. ಈ ತಟ್ಟೆಯಲ್ಲಿ ಜಗತ್ತೇ ಕೂತಿದೆ. ಕಡಲೆಕಾಯಿ, ಗೆಣಸು ಅಮೆರಿಕ ಖಂಡದವು. ಸಾರಿಗೆ ಖಾರ ಕೊಡುವ ಮೆಣಸಿನಕಾಯಿಯೂ ಅಲ್ಲಿಯದು. ಪೋರ್ಚುಗೀಸರ ಹಡಗುಗಳು ಬಂದ ಮೇಲೆ ಇವು ಇಲ್ಲಿಗೆ ತಲುಪಿದವು. ಗೆಣಸು ಇಂದು ಥ್ಯಾಂಕ್ಸ್‌ಗಿವಿಂಗ್ ಊಟದಲ್ಲೂ ತಪ್ಪದೆ ಇರುತ್ತದೆ. ಮಾಲೂರಿನ ಆಲೂಗಡ್ಡೆ, ಕೋಲಾರದ ಎಪಿಎಂಸಿಯಿಂದ ದೇಶದ ಮೂಲೆಮೂಲೆಗೆ ಲಾರಿ ಹತ್ತುವ ಟೊಮೆಟೊ ಕೂಡ ಅಮೆರಿಕ ಖಂಡದ ಮೂಲನಿವಾಸಿಗಳು ಪಳಗಿಸಿದ ಬೆಳೆಗಳೇ. ಅಂದರೆ ಕೋಲಾರವೂ ಅವರ ಋಣದಲ್ಲಿದೆ.

ಮಧ್ಯಾಹ್ನದ ಮೇಲೆ ಹಬ್ಬ ದನಗಳದ್ದು. ಕೆರೆಯಲ್ಲಿ ಮೈ ತೊಳೆದು, ಕೊಂಬಿಗೆ ಬಣ್ಣ ಬಳಿದು, ಕೊರಳಿಗೆ ಗೆಜ್ಜೆ ಕಟ್ಟಿ ಊರಾಚೆ ಹೊಡೆದುಕೊಂಡು ಹೋಗುತ್ತಾರೆ. ಅಲ್ಲಿ ಕಾಟಮರಾಯನ ಪೂಜೆ. ದನಕರುಗಳನ್ನು ರೋಗರುಜಿನದಿಂದ ಕಾಯುವ ದೇವರು ಅವನು. ಕತ್ತಲಾಗುವಾಗ ಹುಲ್ಲಿಗೆ ಬೆಂಕಿಯಿಟ್ಟು ಕಿಚ್ಚು ಹಾಯಿಸುತ್ತಾರೆ. ಗುಂಡು ಎಳೆದ ಎತ್ತಿಗೆ, ಹಾಲು ಕೊಟ್ಟ ಹಸುವಿಗೆ ಅಂದು ಪೊಂಗಲ್ ಉಣಿಸುತ್ತಾರೆ. ಅವಕ್ಕೆ ಅಂದು ದುಡಿಮೆಯಿಲ್ಲ.

ಶ್ರೀನಿವಾಸಪುರದಲ್ಲಿ ಅದೇ ಹೊತ್ತಿಗೆ ಕಣ್ಣುಗಳೆಲ್ಲ ಮಾವಿನ ಮರದ ಮೇಲಿರುತ್ತವೆ. ಹಿಂದೆ ಪಾಪನಪಲ್ಲಿಯಾಗಿದ್ದ ಈ ಊರಿಗೆ ದಿವಾನ್ ಪೂರ್ಣಯ್ಯ ತಮ್ಮ ಮಗ ಶ್ರೀನಿವಾಸಮೂರ್ತಿಯ ಹೆಸರಿಟ್ಟರು. ಮಾವು ಅದನ್ನು ದೇಶಕ್ಕೆ ಪರಿಚಯಿಸಿತು. ಮಾವು ಹೂ ಬಿಡಲು ತಣ್ಣನೆಯ ರಾತ್ರಿಗಳು ಬೇಕು. ಮಾಗಿಯ ಚಳಿ ಗಟ್ಟಿಯಾಗಿ ಬಿದ್ದರೆ ಜನವರಿಯಲ್ಲಿ ತೋಪು ಹೂವಾಗುತ್ತದೆ. ಮೋಡ ಕವಿದರೆ, ಇಬ್ಬನಿ ಹೆಚ್ಚಾದರೆ ಜಿಗಿಹುಳು, ಬೂದಿರೋಗ. ಒಂದು ಬೆಳೆಯ ಋಣ ತೀರಿಸುವ ದಿನವೇ ಇನ್ನೊಂದು ಬೆಳೆಗೆ ಬೇಡಿಕೊಳ್ಳುವ ದಿನವೂ ಆಗಿರುತ್ತದೆ.

ನೀರಗಂಟಿಯ ಪಾಲು

ಕೋಲಾರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿ ಇಲ್ಲ. ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟುವ ಪಾಲಾರ್ ಮಳೆ ಬಂದಾಗ ಮಾತ್ರ ಹೊಳೆ. ಅದಕ್ಕೇ ಹಿಂದಿನವರು ಬಿದ್ದ ಹನಿಯನ್ನು ಇಳಿಜಾರಿನಲ್ಲಿ ಮೆಟ್ಟಿಲು ಮೆಟ್ಟಿಲಾಗಿ ತಡೆದರು: ಒಂದು ಕೆರೆಯ ಕೋಡಿ ಹರಿದರೆ ಕೆಳಗಿನ ಕೆರೆಗೆ ನೀರು. ಜಿಲ್ಲೆಯಲ್ಲಿ ಇಂಥ ಕೆರೆಗಳು ಎರಡು ಸಾವಿರಕ್ಕೂ ಹೆಚ್ಚು. ವಿಜಯಾದಿತ್ಯಮಂಗಲ ಎನಿಸಿಕೊಂಡಿದ್ದ ಬೇತಮಂಗಲದ ಕೆರೆಗೆ ಸಾವಿರ ವರ್ಷಕ್ಕೂ ಮೀರಿದ ಇತಿಹಾಸವಿದೆ.

ಈ ವ್ಯವಸ್ಥೆಯ ಬೆನ್ನೆಲುಬು ನೀರಗಂಟಿ. ತೂಬು ಯಾವಾಗ ಎತ್ತಬೇಕು, ಕೆರೆಯಲ್ಲಿ ಕಡಿಮೆ ನೀರಿದ್ದ ವರ್ಷ ಎಷ್ಟು ಗದ್ದೆಗೆ ಬಿಡಬೇಕು, ಏರಿಯಲ್ಲಿ ಇಲಿಬಿಲ ಎಲ್ಲಿದೆ, ಎಲ್ಲ ಅವನ ತಲೆಯಲ್ಲಿ. ಬಹಳ ಊರುಗಳಲ್ಲಿ ಈ ಕೆಲಸ ಮಾಡಿದವರು ದಲಿತರು. ನೀರು ಹಂಚುವವನಿಗೆ ಸ್ವಂತ ಜಮೀನು ಇರಬಾರದು, ಇದ್ದರೆ ಪಕ್ಷಪಾತವಾಗುತ್ತದೆ ಎಂದು ಅದಕ್ಕೆ ಕಾರಣ ಕೊಡುತ್ತಿದ್ದವರಿದ್ದಾರೆ. ನಿಜವೇನೆಂದರೆ ಊರಿಗೆಲ್ಲ ನೀರು ಹಾಯಿಸಿದವನು ಆ ಊರಿನ ಬಾವಿಯಲ್ಲಿ ನೀರು ಸೇದುವಂತಿರಲಿಲ್ಲ. ಕಣದಲ್ಲಿ ಅವನಿಗೆ ಸಲ್ಲುತ್ತಿದ್ದ ಕೊಳಗದಲ್ಲಿ ಕೃತಜ್ಞತೆಯೂ ಇತ್ತು, ಕಟ್ಟುಪಾಡೂ ಇತ್ತು. ಪ್ಲಿಮತ್‌ನ ಔತಣದ ಜೊತೆ ಶೋಕ ದಿನವನ್ನೂ ನೆನೆಯಬೇಕಾದಂತೆ ಕಣದ ಹಬ್ಬದ ಜೊತೆ ಇದನ್ನೂ ನೆನೆಯಬೇಕು.

1961ರ ಕರ್ನಾಟಕ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ 1963ರಲ್ಲಿ ಜಾರಿಗೆ ಬಂದು, ವಂಶಪಾರಂಪರ್ಯದ ಈ ಹುದ್ದೆಗಳು ಕೊನೆಗೊಂಡವು. ಹುಟ್ಟಿನಿಂದ ಅಂಟುತ್ತಿದ್ದ ಬಿಟ್ಟಿ ಚಾಕರಿ ಹೋದದ್ದು ನ್ಯಾಯ. ನೀರಗಂಟಿಯ ತಿಳಿವಳಿಕೆಗೆ ಸಂಬಳ, ಗೌರವ ಕೊಟ್ಟು ಉಳಿಸಿಕೊಳ್ಳುವ ಏರ್ಪಾಡು ಮಾತ್ರ ಆಗಲಿಲ್ಲ. ತೂಬುಗಳು ಹೂತವು, ಪೋಷಕ ಕಾಲುವೆಗಳು ಒತ್ತುವರಿಯಾದವು. ಕೊಳವೆಬಾವಿ ಬಂತು. ಕೆಲವೇ ದಶಕಗಳಲ್ಲಿ ನೀರು ಸಾವಿರ ಅಡಿಯ ಕೆಳಗಿಳಿಯಿತು. ಸಿಕ್ಕ ನೀರಿನಲ್ಲಿ ಫ್ಲೋರೈಡ್.

2018ರ ಜೂನ್‌ನಲ್ಲಿ ಕೋಲಾರ ತಾಲ್ಲೂಕಿನ ಲಕ್ಷ್ಮೀಸಾಗರ ಕೆರೆಗೆ ಕೆ.ಸಿ. ವ್ಯಾಲಿ ಯೋಜನೆಯ ನೀರು ಧುಮುಕಿತು. ಬೆಂಗಳೂರಿನ ಕೊಳಚೆ ನೀರನ್ನು ಶುದ್ಧೀಕರಿಸಿ, ದಿನಕ್ಕೆ 44 ಕೋಟಿ ಲೀಟರ್‌ವರೆಗೆ ಪಂಪ್ ಮಾಡಿ, 126 ಕೆರೆ ತುಂಬಿಸುವ ಯೋಜನೆ ಅದು. ಎರಡು ಹಂತದ ಶುದ್ಧೀಕರಣ ಸಾಲದು, ಮೂರನೆಯ ಹಂತವೂ ಬೇಕು ಎಂಬ ಹೋರಾಟ ನ್ಯಾಯಾಲಯದ ಮೆಟ್ಟಿಲೇರಿತು. ಆ ಬೇಡಿಕೆ ಇಂದಿಗೂ ಜೀವಂತ. ಬತ್ತಿದ ಕೆರೆಗಳು ತುಂಬಿ ಕೋಡಿ ಹರಿದುದನ್ನು ಜನ ಕಣ್ಣಾರೆ ಕಂಡರು ಎಂಬುದೂ ಅಷ್ಟೇ ನಿಜ.

ಕಣಗಳು ಈಗ ಅಪರೂಪ. ಯಂತ್ರ ಒಂದೇ ದಿನದಲ್ಲಿ ಕೊಯ್ದು ಒಕ್ಕುತ್ತದೆ. ಯಂತ್ರ ಸಿಗದ ಕಡೆ ರಾಗಿಯ ತೆನೆ ಡಾಂಬರು ರಸ್ತೆಯ ಮೇಲೆ ಹರಡಿರುತ್ತದೆ. ಗುಂಡಿನ ಕೆಲಸವನ್ನು ಬಸ್ಸಿನ ಚಕ್ರ ಮಾಡುತ್ತದೆ, ಬೈಕ್ ಸವಾರರು ಜಾರಿ ಬೀಳುತ್ತಾರೆ. ರಾಶಿ ಅಳೆಯುವುದು ಖರೀದಿ ಕೇಂದ್ರದ ತೂಕದ ಯಂತ್ರ. 2024–25ರಲ್ಲಿ ರಾಗಿಗೆ ಕೇಂದ್ರ ಗೊತ್ತುಪಡಿಸಿದ ಬೆಂಬಲ ಬೆಲೆ ಕ್ವಿಂಟಲ್‌ಗೆ 4,290 ರೂಪಾಯಿ. ಚೀಟಿಯಲ್ಲಿ ಎಣಿಕೆ ಒಂದರಿಂದಲೇ ಶುರುವಾಗುತ್ತದೆ.

ಕಣದಲ್ಲಿ ಅಳೆದವರು, ಆಯ ಪಡೆದವರು, ಹಗೇವಿಗೆ ದೀಪ ಇಳಿಸಿದ್ದನ್ನು ಕಂಡವರು ಮುಳಬಾಗಿಲು, ಮಾಲೂರು, ಶ್ರೀನಿವಾಸಪುರ, ಕೋಲಾರದ ಹಳ್ಳಿಗಳಲ್ಲಿ ಇನ್ನೂ ಕೆಲವರಿದ್ದಾರೆ. ಎಲ್ಲರಿಗೂ ಎಪ್ಪತ್ತು ದಾಟಿದೆ. ಈ ಸಂಕ್ರಾಂತಿಗೆ ಊರಿಗೆ ಹೋದವರು ಅವರೆ ಹಿತಕುತ್ತ ಅವರ ಪಕ್ಕದಲ್ಲಿ ಕೂತು ಕೇಳಿ: ನಮ್ಮ ಕಣ ಎಲ್ಲಿತ್ತು, ಕೊನೆಯ ನೀರಗಂಟಿಯ ಹೆಸರೇನು, ಯಾರ್ಯಾರಿಗೆ ಎಷ್ಟೆಷ್ಟು ಕೊಳಗ ಹೋಗುತ್ತಿತ್ತು, ಅವರ ಮಕ್ಕಳು ಈಗ ಎಲ್ಲಿದ್ದಾರೆ? ಕೇಳಿದ್ದನ್ನು ಹೆಸರು ಸಮೇತ ಬರೆದಿಡಿ.